ಓದಲಾಗದ ಕಾರ್ಡು, ಗೈರಲ್ಲದ ಮಗು

ಆಜರಾದ ಘನಸಾಳ ಅಕ್ಕಿಯನ್ನು ಇಂದು ಕಿಲೋ ಲೆಕ್ಕದಲ್ಲಿ ಅಳೆಯುತ್ತಾರೆ. ಅಜ್ಜಂದಿರ ಕಾಲದ ತಕ್ಕಡಿಯ ಕಲ್ಲುಗಳು ಬೇರೆ: ಛಟಾಕು, ಅದರ ಎರಡರಷ್ಟು ಅರ್ಧ ಪಾವು, ನಾಲ್ಕರಷ್ಟು ಪಾವು, ಎಂಟರಷ್ಟು ಅರ್ಧ ಸೇರು, ಹದಿನಾರರಷ್ಟು ಸೇರು. ಪ್ರತಿಯೊಂದೂ ಒಂದೊಂದೇ ಇದ್ದು, ಒಟ್ಟು ತೂಕ 10 ಛಟಾಕು ಆದರೆ ತಟ್ಟೆಯಲ್ಲಿರುವುದು ಅರ್ಧ ಸೇರು ಮತ್ತು ಅರ್ಧ ಪಾವು. ಬೇರೆ ಜೋಡಣೆಯಿಂದ ಆ ತೂಕ ಬಾರದು. ಈ ಲೆಕ್ಕ ಬಲ್ಲವರಿಗೆ ಕಾರ್ಡು ಓದುವ ಯಂತ್ರದ ದೋಷಸಂಖ್ಯೆ ಕಠಿಣವಲ್ಲ.

ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳು ಕಟ್ಟುವ ಹಾಜರಿ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಎನ್‌ಎಕ್ಸ್‌ಪಿ ಕಂಪನಿಯ ಎಂಎಫ್‌ಆರ್‌ಸಿ522 ಎಂಬ ಚಿಪ್. ಅದು 13.56 ಮೆಗಾಹರ್ಟ್ಸ್ ರೇಡಿಯೊ ಅಲೆಯಿಂದ ಕಾರ್ಡಿಗೆ ಶಕ್ತಿ ನೀಡಿ, ಉತ್ತರವನ್ನು ಆಲಿಸುತ್ತದೆ. ಕಿಣಿ ಟೋಲ್ ನಾಕೆಯಲ್ಲಿ ಓದಲಾಗುವ ಫಾಸ್ಟ್ಯಾಗ್ ಇದೇ ಕುಲದ್ದು, ಆವರ್ತನ ಮಾತ್ರ ಬೇರೆ. ಆಲಿಸುವಾಗ ಕೆಟ್ಟುದೇನೆಂಬುದನ್ನು ಚಿಪ್ ಒಂದೇ ಬೈಟಿನಲ್ಲಿ ಬರೆದಿಡುತ್ತದೆ.

ಆ ಬೈಟಿನ ಎಂಟು ಬಿಟ್‌ಗಳೇ ಎಂಟು ತೂಕದ ಕಲ್ಲುಗಳು. 1 ಎಂದರೆ ಉತ್ತರದ ರೂಪ ನಿಯಮದಂತಿಲ್ಲ. 2 ಎಂದರೆ ಸಮ-ಬೆಸ ಪರೀಕ್ಷೆ ತಪ್ಪಿದೆ. 4 ಎಂದರೆ ಸಂದೇಶದ ಕೊನೆಯ ತಾಳೆಸಂಖ್ಯೆ ಕೂಡಿಬಂದಿಲ್ಲ. 8 ಎಂದರೆ ಎರಡು ಕಾರ್ಡುಗಳು ಒಮ್ಮೆಗೇ ಮಾತನಾಡಿವೆ. 16 ಎಂದರೆ 64 ಬೈಟುಗಳ ಸಂಗ್ರಹ ತುಂಬಿ ಹರಿದಿದೆ. 32ಕ್ಕೆ ಅರ್ಥವಿಲ್ಲ. 64 ಎಂದರೆ ಚಿಪ್ ಅತಿಯಾಗಿ ಕಾದಿದೆ. 128 ಎಂದರೆ ಹೊತ್ತಲ್ಲದ ಹೊತ್ತಿನಲ್ಲಿ ಅದಕ್ಕೆ ಬರೆಯಲಾಗಿದೆ. ಆದುದರಿಂದ 10 ಬಂದರೆ ಅದು ಹತ್ತನೆಯ ದೋಷವಲ್ಲ. 8 ಮತ್ತು 2 ಜೊತೆಗೂಡಿವೆ.

ದೋಷದಂತೆ ಪರಿಹಾರ. 4 ಬಂದರೆ ಮತ್ತೊಮ್ಮೆ ಓದಿಸಬೇಕು. 8 ಬಂದರೆ ಕಾರ್ಡುಗಳನ್ನು ಒಂದೊಂದಾಗಿ ಹಿಡಿಯಬೇಕು. 128 ಬಂದರೆ ತಪ್ಪು ಕಾರ್ಡಿನದಲ್ಲ, ಪ್ರೋಗ್ರಾಂ ಬರೆದವರದು.

ಎಲ್ಲಕ್ಕಿಂತ ಮೋಸಗೊಳಿಸುವುದು ಸೊನ್ನೆ. ದೋಷ ಸೊನ್ನೆಯೆಂದರೆ ಕಾರ್ಡು ಓದಲ್ಪಟ್ಟಿತೆಂದು ಅರ್ಥವಲ್ಲ. ಯಾವ ಕಾರ್ಡೂ ಉತ್ತರಿಸದಿದ್ದರೂ ಅಲ್ಲಿ ಸೊನ್ನೆಯೇ ಇರಬಹುದು. ಕಾಯುವ ಸಮಯ ತೀರಿತೆಂಬ ಗುರುತು ಬೇರೊಂದು ರಿಜಿಸ್ಟರಿನಲ್ಲಿದೆ. ಎರಡನ್ನೂ ನೋಡಿಯೇ ತೀರ್ಮಾನಿಸಬೇಕು.

ಇಷ್ಟು ಸೂಕ್ಷ್ಮವೇಕೆಂದರೆ, ಯಂತ್ರದ ಹಿಂದೆ ಹಾಜರಿ ಪುಸ್ತಕವಿದೆ. ಯಶಸ್ಸಲ್ಲದ ಎಲ್ಲವನ್ನೂ ‘ಗೈರು’ ಎಂದು ಬರೆಯುವ ಪ್ರೋಗ್ರಾಂ, ಬಾಗಿಲಲ್ಲಿ ಗೆಳತಿಯೊಡನೆ ಕಾರ್ಡು ಹಿಡಿದು ನಿಂತ ಬಾಲಕಿಯನ್ನೂ ಗೈರಾಗಿಸುತ್ತದೆ. ಪರದೆಯ ಮೇಲೆ ಮೂರು ಮಾತುಗಳಿರಲಿ: ಹಾಜರು, ಕಾರ್ಡು ಕಾಣಲಿಲ್ಲ, ಓದಲಾಗಲಿಲ್ಲ. ಮೊದಲನೆಯದು ಬಾರದಿದ್ದರೆ ಗುರುಗಳು ಹೆಸರು ಕೂಗಲಿ.