ಎಲೆಕ್ಟ್ರಾ ಸ್ಟ್ರೀಟಿನಿಂದ – 7: ಏಜೆಂಟರಿಗೆ ಎಷ್ಟು ಕೊಡಬೇಕು?

ಊರಿನ ಅಕ್ಕ, ಅಣ್ಣಂದಿರೇ, ನರ್ಸಿಂಗ್ ಓದುತ್ತಿರುವ ತಂಗಿ, ತಮ್ಮಂದಿರೇ,

ಊರಿನಿಂದ ಫೋನ್ ಮಾಡುವವರಲ್ಲಿ ಪರೀಕ್ಷೆಗೆ ಏನು ಓದಬೇಕು ಅಂತ ಕೇಳುವವರು ಕಡಿಮೆ. "ಅಬುಧಾಬಿಗೆ ಬರಲು ಏಜೆಂಟರಿಗೆ ಎಷ್ಟು ಕೊಡಬೇಕು?" ಅನ್ನುವವರೇ ಜಾಸ್ತಿ. ಇವತ್ತು ನೇರವಾಗಿ ಹೇಳಿಬಿಡುತ್ತೇನೆ: ಲಕ್ಷಗಟ್ಟಲೆ ಕೇಳುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ದೇಶದ ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಇಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನಂತೆ ನೇಮಕಾತಿ ಖರ್ಚನ್ನು ಕಂಪನಿಯೇ ಭರಿಸಬೇಕು. ನೌಕರರಿಂದ ವಸೂಲಿ ಮಾಡುವಂತಿಲ್ಲ. ಹಾಗಾದರೆ ಆ ಐದಾರು ಲಕ್ಷ ಯಾವುದಕ್ಕೆ?

"ಎಲ್ಲರೂ ಕೊಟ್ಟೇ ಹೋಗಿದ್ದಾರಲ್ಲ" ಅನ್ನುತ್ತೀರಿ. 2015ರಲ್ಲಿ ಕೊಚ್ಚಿಯ ಒಂದು ಏಜೆನ್ಸಿ ಕುವೈತಿಗೆ ಹೊರಟ ನರ್ಸ್‌ಗಳಿಂದ 19,500 ರೂಪಾಯಿಯ ಬದಲು 19.5 ಲಕ್ಷ ವಸೂಲಿ ಮಾಡಿದ ಆರೋಪದ ಮೇಲೆ ಸಿಬಿಐ ಕೇಸು ಹಾಕಿತು. ಅವರೂ "ಎಲ್ಲರೂ ಕೊಡುತ್ತಾರೆ" ಅಂತಲೇ ಕೊಟ್ಟವರು.

ದುಡ್ಡು ಹೋಗುವುದಷ್ಟೇ ಅಲ್ಲ ಇಲ್ಲಿನ ಸಂಗತಿ. ಸಾಲ ಹೊತ್ತು ಬಂದ ಹುಡುಗಿಗೆ ಬಾಯಿ ಇರುವುದಿಲ್ಲ. ಆಫರ್ ಲೆಟರಿನಲ್ಲಿ ಹೇಳಿದ ಸಂಬಳ ಬರದಿದ್ದರೂ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೂ ಅವಳು ಸುಮ್ಮನಿರುತ್ತಾಳೆ. ವಾರ್ಡಿನಲ್ಲಿ ರೋಗಿಗಳು ಹೆಚ್ಚಾಗಿ ಕೈ ಸಾಲದಿದ್ದರೂ "ಇಷ್ಟು ಜನರನ್ನು ನೋಡಲು ನನ್ನಿಂದಾಗದು" ಅನ್ನಲು ಹೆದರುತ್ತಾಳೆ. ಊರಿನಲ್ಲಿ ಅಮ್ಮನ ಬಳೆ ಅಡವಿಟ್ಟಿರುವುದು ಅವಳಿಗೆ ನೆನಪಿರುತ್ತದೆ. ಹೆದರಿದ ನರ್ಸ್ ರೋಗಿಗೂ ಅಪಾಯ.

ಕೆಲವು ಏಜೆಂಟರು ವಿಸಿಟ್ ವೀಸಾದಲ್ಲಿ ಕಳಿಸಿ, "ಅಲ್ಲಿ ಕೆಲಸಕ್ಕೆ ಸೇರಿಕೋ, ವೀಸಾ ಆಮೇಲೆ" ಅನ್ನುತ್ತಾರೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಇಲ್ಲಿ ಅಪರಾಧ. ಸಿಕ್ಕಿಬೀಳುವುದು ಎಲೆಕ್ಟ್ರಾದ ಬೆಡ್‌ಸ್ಪೇಸಿನಲ್ಲಿರುವ ಹುಡುಗಿ, ಏಜೆಂಟ್ ಅಲ್ಲ. ಇನ್ನು ಕೆಲವರು ಮಾಡದ ಕೆಲಸಕ್ಕೆ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಮಾಡಿಸಿಕೊಡುತ್ತಾರೆ. ಡೇಟಾಫ್ಲೋದವರು ಆ ಆಸ್ಪತ್ರೆಯನ್ನೇ ಸಂಪರ್ಕಿಸಿ ಕೇಳುತ್ತಾರೆ. ಸುಳ್ಳು ಅಂತ ರಿಪೋರ್ಟ್ ಬಂದರೆ ಲೈಸೆನ್ಸ್‌ನ ದಾರಿಯೇ ಮುಚ್ಚಬಹುದು.

ನಿಜವಾದ ಖರ್ಚೂ ಇದೆ, ಇಲ್ಲವೆನ್ನುವುದಿಲ್ಲ: ಡೇಟಾಫ್ಲೋ, ಪರೀಕ್ಷೆ, ಲೈಸೆನ್ಸ್. ಅಬುಧಾಬಿಗೆ ಡಿಒಎಚ್, ದುಬೈಗೆ ಡಿಎಚ್‌ಎ. ಇವನ್ನು ನಿಮ್ಮದೇ ಲಾಗಿನ್‌ನಿಂದ, ನಿಮ್ಮದೇ ಕಾರ್ಡಿನಿಂದ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಏಜೆಂಟರ ಹೆಸರು ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿದೆಯಾ ನೋಡಿ. ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೊರಡುವ ನರ್ಸ್‌ಗಳಿಗೆ 2015ರಿಂದ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯ. "ಅದೆಲ್ಲ ಬೇಡ, ನಾನು ಹತ್ತಿಸುತ್ತೇನೆ" ಅಂದವನ ಮನೆ ಬಾಗಿಲಿಗೆ ಮತ್ತೆ ಹೋಗಬೇಡಿ.

ತಂದೆತಾಯಿಯರಿಗೆ ಒಂದು ಮಾತು. ಕೋರ್ಸ್ ಮುಗಿದ ತಿಂಗಳೇ ಮಗಳನ್ನು ವಿಮಾನ ಹತ್ತಿಸುವ ಅವಸರ ಬೇಡ. ಎರಡು ವರ್ಷ ಊರಿನ ದೊಡ್ಡ ಆಸ್ಪತ್ರೆಯ ಐಸಿಯುನಲ್ಲೋ, ಕ್ಯಾಶುವಾಲಿಟಿಯಲ್ಲೋ ದುಡಿಯಲಿ. ಅಲ್ಲಿ ಸಂಬಳ ಕಡಿಮೆ, ನನಗೂ ಗೊತ್ತು. ಆದರೆ ಇಂಟರ್‌ವ್ಯೂನಲ್ಲಿ ಮಾತಾಡುವುದು ಆ ಎರಡು ವರ್ಷದ ಕೈಕೆಲಸವೇ ಹೊರತು ಏಜೆಂಟರಿಗೆ ಕೊಟ್ಟ ದುಡ್ಡಲ್ಲ.

ಮುಂದಿನ ಸಲ ಫೋನ್ ಮಾಡಿದಾಗ "ಎಷ್ಟು ಕೊಡಬೇಕು" ಅನ್ನಬೇಡಿ. "ಏನು ಕಲಿಯಬೇಕು" ಅಂತ ಕೇಳಿ. ನೈಟ್ ಡ್ಯೂಟಿ ಮುಗಿಸಿ ಬಂದಿದ್ದರೂ ಕೂತು ಹೇಳುತ್ತೇನೆ.