ಒನಕೆ ಏಟಿಗೆ ಬಿದ್ದವರ ಹೆಸರೇನು?



'ನಾಗರಹಾವು' ಬಂದದ್ದು 1972ರಲ್ಲಿ. ಕತೆ ತ.ರಾ.ಸು. ಅವರದು, ನಿರ್ದೇಶನ ಪುಟ್ಟಣ್ಣ ಕಣಗಾಲರದು. ರಾಮಾಚಾರಿ ವಿಷ್ಣುವರ್ಧನ್, ಜಲೀಲ ಅಂಬರೀಷ್, ಚಾಮಯ್ಯ ಮೇಷ್ಟ್ರು ಅಶ್ವಥ್, ಓಬವ್ವ ಜಯಂತಿ. ಹಾಸ್ಟೆಲಿನ ಯಾವ ಹುಡುಗನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇಷ್ಟು ಹೇಳ್ತಾನೆ.

ಈಗ ಇನ್ನೊಂದು ಪ್ರಶ್ನೆ. ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತಲೆ ತೂರಿಸಿ ಒನಕೆ ಏಟಿಗೆ ಬೀಳುವ ಹೈದರಾಲಿಯ ಸಿಪಾಯಿಗಳು ಯಾರು? ದುರ್ಗದ ಮೆಟ್ಟಿಲುಗಳನ್ನು ಕ್ಯಾಮೆರಾ, ಲೈಟು, ಟ್ರಾಲಿ ತಾವಾಗಿ ಹತ್ತಲಿಲ್ಲ. ಹೊತ್ತವರು ಯಾರು? ಅಂಥವರ ಹೆಸರನ್ನು ಟೈಟಲ್ಲಿನಲ್ಲಿ ಹಾಕುವ ಪದ್ಧತಿಯೇ ಆಗ ಇರಲಿಲ್ಲ. ಜಯಂತಿಯವರು ಚೆನ್ನಾಗಿಯೇ ಅಭಿನಯಿಸಿದ್ದಾರೆ, ನಮ್ಮ ತಕರಾರು ಅವರ ಮೇಲಲ್ಲ. ತೆರೆಯ ಮೇಲೂ ಊರು-ಕೇರಿಯ ಲೆಕ್ಕವೇ ನಡೆಯುತ್ತೆ ಅನ್ನೋದರ ಮೇಲೆ.

"ಕೂಲಿ ಕೊಟ್ಟಿರ್ತಾರಲ್ಲ, ಹೆಸರು ಯಾಕ್ರಿ?" ಅಂತ ಕೇಳುವವರಿದ್ದಾರೆ. ಕೂಲಿ ಆ ದಿನದ ಗಂಜಿಗೆ ಆಯ್ತು. ಹೆಸರು ಮೊಮ್ಮಕ್ಕಳಿಗೆ ಬೇಕು.

ಪಕ್ಕದ ಕೇರಳವನ್ನು ನೋಡಿ. ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್' 1930ರ ಸುಮಾರಿನದು. ಅದರ ನಾಯಕಿ ಪಿ.ಕೆ. ರೋಸಿ, ನಮ್ಮಂಥ ಕೇರಿಯ ಹೆಣ್ಣುಮಗಳು. ಆಕೆ ತೆರೆಯ ಮೇಲೆ ನಾಯರ್ ಹೆಂಗಸಾದದ್ದನ್ನು ಮೇಲ್ಜಾತಿಯವರು ಸಹಿಸಲಿಲ್ಲ. ಗಲಾಟೆ ಮಾಡಿದರು, ಊರು ಬಿಡಿಸಿದರು. ಆಕೆ ತಮಿಳು ನೆಲದಲ್ಲಿ ಹೆಸರು ಮರೆಸಿಕೊಂಡು ಬದುಕಿದಳು. ಆ ಚಿತ್ರದ ರೀಲೂ ಉಳಿದಿಲ್ಲ. ನಿರ್ದೇಶಕ ಜೆ.ಸಿ. ಡೇನಿಯಲ್ಲರ ಹೆಸರಿನಲ್ಲಿ ಕೇರಳ ಸರ್ಕಾರ ದೊಡ್ಡ ಪ್ರಶಸ್ತಿಯನ್ನೇ ಕೊಡುತ್ತದೆ. ರೋಸಿಯನ್ನು ಲೋಕ ನೆನೆಯಲು ಎಷ್ಟೋ ದಶಕ ಬೇಕಾಯಿತು. ಅದೂ ಯಾರೋ ಹಳಬರನ್ನು ಹುಡುಕಿ, ಕೇಳಿ, ಬರೆದದ್ದರಿಂದ.

ಅಷ್ಟು ದೂರ ಯಾಕೆ, ನಮ್ಮ ತುರುವನೂರನ್ನೇ ತಗೊಳ್ಳಿ. 1939ರಲ್ಲಿ ಇಲ್ಲಿ ಈಚಲು ಮರ ಕಡಿದು ಅರಣ್ಯ ಸತ್ಯಾಗ್ರಹ ನಡೆಯಿತು. ನಿಜಲಿಂಗಪ್ಪನವರ ಹೆಸರು ಪುಸ್ತಕದಲ್ಲಿದೆ, ಇರಲೇಬೇಕು. ಕೊಡಲಿ ಹಿಡಿದವರಲ್ಲಿ ನಿಮ್ಮ ಕೇರಿಯವರು ಎಷ್ಟು ಮಂದಿ? ಅದನ್ನು ಕಂಡವರು ಹೆಚ್ಚುಕಡಿಮೆ ಎಲ್ಲ ಮಣ್ಣಾದರು, ಕೇಳುವ ಕಾಲ ಮೀರಿತು. ಆದರೆ 1972ರಲ್ಲಿ ಇಪ್ಪತ್ತರ ಹುಡುಗನಾಗಿದ್ದವನಿಗೆ ಈಗ ಎಪ್ಪತ್ತು ದಾಟಿದೆ, ಇನ್ನೂ ಜಗಲಿ ಮೇಲೆ ಕೂತಿದ್ದಾನೆ. ಅವನನ್ನು ಕೇಳಬಹುದು. ಬಹಳ ದಿನ ಅಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ರಜಕ್ಕೆ ಊರಿಗೆ ಹೋಗುವಾಗ ಒಂದು ನೋಟ್‌ಬುಕ್ ಇಟ್ಕೊಳ್ಳಿ. ಶೂಟಿಂಗಿಗೆ ಹೋದವರು, ಗುಂಪಿನಲ್ಲಿ ನಿಂತವರು, ತಮಟೆ ಬಡಿದವರು, ಟೂರಿಂಗ್ ಟಾಕೀಸಿನ ಡೇರೆ ಎತ್ತಿದವರು, ಊರೂರು ಸುತ್ತಿ ವಾಲ್‌ಪೋಸ್ಟರ್ ಅಂಟಿಸಿದವರು, ಎಲ್ಲರನ್ನೂ ಕೇಳಿ. ಯಾವ ವರ್ಷ, ಎಷ್ಟು ಕೂಲಿ, ಊಟಕ್ಕೆ ಎಲ್ಲಿ ಕೂರಿಸಿದರು, ಯಾವ ಹೆಸರಿನಲ್ಲಿ ಕೂಗಿದರು, ಬರೀರಿ. ಅವರು ಆಡಿದ ಮಾತಿನಲ್ಲೇ ಬರೀರಿ, ಪಂಡಿತರ ಕನ್ನಡಕ್ಕೆ ತಿದ್ದಬೇಡಿ. ದಿನಚರಿ ಅಂದ್ರೆ ದೊಡ್ಡವರ ಮೇಜಿನ ಮೇಲಿನ ವಸ್ತು ಅಂತ ಯಾರು ಹೇಳಿದ್ದು? ನಿಮ್ಮ ಹಾಸ್ಟೆಲಿನ ದಿನಗಳೂ ಅದೇ ನೋಟ್‌ಬುಕ್ಕಿನಲ್ಲಿ ಬರಲಿ.

ಓಬವ್ವ ಛಲವಾದಿ ಹೆಣ್ಣುಮಗಳು, ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿ. ಅವಳ ಕತೆಯನ್ನು ಬಹುಕಾಲ ಕಾಪಾಡಿದ್ದು ಜನರ ಬಾಯಿ. 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಮಾಡುತ್ತಿದೆ. ಆ ದಿನ ಪಟಕ್ಕೆ ಹಾರ ಹಾಕಿ ಕೈ ತೊಳ್ಕೋಬೇಡಿ. ನಿಮ್ಮ ನೋಟ್‌ಬುಕ್ಕಿನ ಹೆಸರುಗಳನ್ನು ಗಟ್ಟಿಯಾಗಿ ಓದಿ.