ಗಣಕದ ಕನ್ನಡ: ವೇಗವೋ, ಶುದ್ಧಿಯೋ?

ತಂತ್ರಾಂಶ ರಚನೆಯಲ್ಲಿ ತೊಡಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಒಂದೆಡೆ ಕೂಡಿದರೆ, ಯಾವ ಸಾಧನ ಮೇಲು, ಯಾವುದರಲ್ಲಿ ದೋಷ ಹೆಚ್ಚು, ಅಂತರಜಾಲದ ವೇಗವೆಷ್ಟು ಎಂಬ ಚರ್ಚೆ ನಡೆಯುತ್ತದೆ. ಈ ತುಲನೆಗೆ ಕನ್ನಡದ ಒರೆಗಲ್ಲೂ ಬೇಕೆಂಬುದು ನನ್ನ ಅಭಿಮತ.

ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಗಣಕವನ್ನು ಕನ್ನಡಿಗರಿಗೆ ಒಗ್ಗಿಸಿದವು; ಈ ಉಪಕಾರ ದೊಡ್ಡದು. ಆದರೆ ಅಂದಿನ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಶೈಲಿಯಿಲ್ಲದ ಗಣಕದಲ್ಲಿ ಅಂದಿನ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು ಮಾತ್ರ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನವಿತ್ತ ಯೂನಿಕೋಡ್ ಈ ತೊಡಕಿಗೆ ಪರಿಹಾರ.

ಅಲ್ಲಿಯೂ ಒಂದು ಸೂಕ್ಷ್ಮವುಂಟು. ‘ಸೂರ್ಯ’ದಲ್ಲಿ ಅರ್ಕಾವತ್ತು ತಾನಾಗಿ ಮೂಡುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಉಳಿದು ಯಕಾರ ಒತ್ತಾಗಬೇಕಾದರೆ, ನಡುವೆ ಕಣ್ಣಿಗೆ ಕಾಣದ ಸಂಯೋಜಕವೊಂದನ್ನು ಇಡಬೇಕು. ಇಂಥ ದೋಷ ಮೊದಲು ಕಾಣುವುದು ಕನ್ನಡ ಶಿಕ್ಷಕನ ಕಣ್ಣಿಗೆ. ಅದನ್ನು ಕಂಡವನು ಸುಮ್ಮನಿರದೆ ತಂತ್ರಜ್ಞರಿಗೆ ತಿಳಿಸಬೇಕು. ತಂತ್ರಜ್ಞರು ಅದನ್ನು ಪಂಡಿತರ ಹಟವೆಂದು ತಳ್ಳದೆ ತಿದ್ದಬೇಕು.

ಅಣ್ಣಿಗೇರಿ ಪಂಪನ ತಾಯಿಯ ತವರು. ಹತ್ತನೆಯ ಶತಮಾನದ ಆತನ ಕಾವ್ಯ ಓಲೆಯಿಂದ ಓಲೆಗೆ ಇಳಿದು ನಮ್ಮನ್ನು ಮುಟ್ಟಿದೆ. ಇಪ್ಪತ್ತು ವರ್ಷಗಳ ಹಿಂದಿನ ಕಡತವನ್ನೇ ಓದಲಾಗದಿದ್ದರೆ ಮಿಂಚಿನ ವೇಗದಿಂದ ಫಲವೇನು? ಶಾಲೆಗಳಲ್ಲಿ ಉಳಿದಿರುವ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಅಕ್ಷರಕ್ಕೆ ಅಕ್ಷರ ತಾಳೆನೋಡುವ ಕಾರ್ಯಕ್ಕೆ ಹಳೆಯ ವಿದ್ಯಾರ್ಥಿಗಳು ಬುದ್ಧಿಯನ್ನೂ, ದಾನಿಗಳು ಧನವನ್ನೂ, ಶಿಕ್ಷಕರು ಶ್ರಮವನ್ನೂ ನೀಡಲಿ.